ಬೂದಿಯ ಹಣೆಗೆ ಭಂಡಾರ

ಬೂದಿ ಕೂಗಿದ ಬಗೆಯಲ್ಲೇ ಆದಿಲಕ್ಷ್ಮಮ್ಮನಿಗೆ ತಿಳಿದುಹೋಯಿತು. ಅದು ಹಸಿವಿನ ಕೂಗಲ್ಲ, ನೀರಡಿಕೆಯದೂ ಅಲ್ಲ. ಹಿತ್ತಲಿಗೆ ಓಡಿ ಬಂದು ನೋಡಿದರೆ, ಹಸು ಕತ್ತು ಮುಂದಕ್ಕೆ ಚಾಚಿ, ಬಾಲ ಒಂದು ಪಕ್ಕಕ್ಕೆ ಸರಿಸಿ, ಬೀದಿಯ ಆ ಕೊನೆಗೂ ಕೇಳುವ ಹಾಗೆ ಕೂಗುತ್ತಿತ್ತು. ಜಗ್ಗಿ ಜಗ್ಗಿ ಗೂಟವನ್ನೇ ಸಡಿಲ ಮಾಡಿಕೊಂಡಿತ್ತು. ಆದಿಲಕ್ಷ್ಮಮ್ಮ ಕೈಯಲ್ಲಿದ್ದ ಹೂವಿನ ತಟ್ಟೆಯನ್ನು ತುಳಸಿಕಟ್ಟೆಯ ಮೇಲಿಟ್ಟು, ಅರ್ಧ ಪೂಜೆಯಲ್ಲೇ ಬೀದಿಗೆ ಬಂದಳು. ದೇವರು ಸಂಜೆಯವರೆಗೂ ಕಾಯುತ್ತಾನೆ, ಹಸುವಿನ ಬೆದೆ ಕಾಯುವುದಿಲ್ಲ.

"ಆನಂದಾ! ಏ ಆನಂದಾ! ಬೂದಿ ಬೆದೆಗೆ ಬಂದದೆ ಕಣೋ! ಗಾಡಿ ನೋಡು, ಗಾಡಿ!"

ಎದುರು ಮನೆಯಲ್ಲಿ ಮೈದುನನ ಮಗ ಆನಂದಕುಮಾರ ಪವರ್‌ಲೂಮ್ ಓಡಿಸುತ್ತಿದ್ದ. ಮಗ್ಗದ ಸದ್ದಿನಲ್ಲಿ ಮೊದಲ ಕೂಗು ಕೇಳಲಿಲ್ಲ. ಎರಡನೆಯದು ಕೇಳಿದ್ದೇ ಮಗ್ಗ ನಿಲ್ಲಿಸಿ, ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಳ್ಳುತ್ತ ಓಡಿ ಬಂದ.

"ನಿಜವಾ ದೊಡ್ಡಮ್ಮ? ಹೋದ ಸಲದ ಹಂಗೆ ಸುಮ್ನೆ ಕೂಗ್ತಾ ಇಲ್ಲ ತಾನೆ?"

"ನೀನು ಹುಟ್ಟೋಕೆ ಮುಂಚಿಂದ ದನ ಕಟ್ತಾ ಇವ್ನಿ. ಬಾಯ್ ಮುಚ್ಕೊಂಡು ಗಾಡಿ ತತ್ತಾ ಹೋಗು."

ಆದಿಲಕ್ಷ್ಮಮ್ಮನ ಮನೆಯ ಜಗಲಿಯ ಮೇಲೆ 'ಗುಟ್ಟದ ಗಿಡ್ಡ ತಳಿ ರಕ್ಷಣಾ ಸಂಘ, ಹಿಂದೂಪುರ' ಎಂಬ ಹಲಗೆ ತೂಗುತ್ತಿದ್ದದ್ದು ಆಕೆಯ ಗಂಡ ಸುಬ್ಬರಾಯಪ್ಪನ ಕಾಲದಿಂದ. ಗುಟ್ಟ ಎಂದರೆ ತೆಲುಗಿನಲ್ಲಿ ಗುಡ್ಡ. ಸೊಂಟದೆತ್ತರಕ್ಕೆ ನಿಲ್ಲುವ, ಬೂದಿ ಬಣ್ಣದ, ಕಣ್ಣಿನ ಸುತ್ತ ಕಾಡಿಗೆ ತೀಡಿದಂತೆ ಕಪ್ಪಿರುವ ಈ ದನಗಳು ಒಂದು ಕಾಲಕ್ಕೆ ಸುತ್ತಲಿನ ಗುಡ್ಡಗಳಲ್ಲೆಲ್ಲ ಮೇಯುತ್ತಿದ್ದವು. ಹಾಲು ಕಡಿಮೆಯೆಂದು ಜನ ಸೀಮೆಹಸುಗಳ ಹಿಂದೆ ಹೋದರು. ನೇಕಾರ ಸುಬ್ಬರಾಯಪ್ಪ ಮಾತ್ರ ಸೀರೆ ಮಾರಲು ಹೋದ ಹಳ್ಳಿಗಳಲ್ಲೆಲ್ಲ ಇವನ್ನು ಹುಡುಕಿ, ಸಾಕಿದವರನ್ನೆಲ್ಲ ಒಂದು ಕಡೆ ಕೂಡಿಸಿ ಸಂಘ ಕಟ್ಟಿದ. ಅವನು ತೀರಿಕೊಂಡಾಗ ಸಂಘವನ್ನು ಮುಚ್ಚಿಬಿಡೋಣವೆಂದವರೇ ಹೆಚ್ಚು. "ಇಷ್ಟು ವರ್ಷ ಸಭೆಗೆ ಕಾಫಿ ಕಾಸಿದೋಳು ನಾನು. ಇನ್ನು ಸಭೇನೂ ನಾನೇ ನಡೆಸ್ತೀನಿ, ಕಾಫಿ ನೀವು ಕಾಸ್ಕೊಂಡು ಬರ್ರಿ" ಎಂದು ಆದಿಲಕ್ಷ್ಮಮ್ಮ ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು.

ಕೂತ ಮೇಲೆ ಗೊತ್ತಾಯಿತು ಸಂಕಟ. ಸಂಘದ ದನ ಹೆಚ್ಚುಕಡಿಮೆ ಎಲ್ಲವೂ ಒಂದೇ ಹೋರಿಯ ಸಂತಾನ, ಆ ಹೋರಿಯೂ ಮುದಿಯಾಗಿ ಸತ್ತಿತ್ತು. ತಳಿಗೆ ಮನ್ನಣೆ ಕೊಡಬೇಕಾದ ಅಧಿಕಾರಿ ಬಂದು ನೋಡಿ, "ಅಮ್ಮಾ, ಇದು ತಳಿಯಲ್ಲ, ಒಂದು ಮನೆತನ. ಬೇರೆ ರಕ್ತದ ಹೋರಿಗೆ ಹುಟ್ಟಿದ ಕರು ತೋರಿಸಿ, ಆಮೇಲೆ ಮಾತಾಡೋಣ" ಎಂದು ಹೋಗಿದ್ದ. ಅಂಥ ಹೋರಿಯನ್ನು ಆನಂದ ಕಂಡದ್ದು ಕಲ್ಯಾಣದುರ್ಗದ ಆಚೆ, ಬೆಳುಗುಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ, ದೇವರ ದನಗಳ ಹಿಂಡಿನಲ್ಲಿ. ಮುತ್ತಾತರ ಕಾಲದಿಂದ ದೇವರಿಗೆ ಬಿಟ್ಟ ದನ ಅವು. ಮಾರುವಂತಿಲ್ಲ, ಹೂಡುವಂತಿಲ್ಲ, ಹಗ್ಗ ಮುಟ್ಟಿಸುವಂತಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಗುಂಡಿ ತೋಡಿ, ಹಾಲು ತುಪ್ಪ ಬಿಟ್ಟು ಮಣ್ಣು ಮಾಡುತ್ತಾರೆ. ಹೋರಿಯನ್ನು ಕಳಿಸಿ ಎಂದಾಗ ಊರ ಹಿರಿಯರು ನಕ್ಕರು. ಬೇಕಾದರೆ ನಿಮ್ಮ ಹಸು ಬರಲಿ, ಹಗಲು ಹಿಂಡಿನ ಜೊತೆ ಮೇಯಲಿ, ಹೊತ್ತು ಮುಳುಗುವ ಮುಂಚೆ ಕರೆದುಕೊಂಡು ಹೋಗಿ ಎಂದರು.

ಅಷ್ಟು ದೂರ ಹೋಗಲು ತಕ್ಕ ಹಸು ಮೊದಲು ಬೂದಿಯೇ. ಸಂಘದಲ್ಲಿ ಮುದಿ ಹೋರಿಯ ಮಗಳಲ್ಲದ ಹಸು ಅದೊಂದೇ. ಆದರೆ ಅದಕ್ಕೆ ವಯಸ್ಸಾಗುತ್ತಿತ್ತು. ಒಂದು ಸಲ ಬೆದೆಗೆ ಬಂದಾಗ ಬಂದ್ ಆಗಿ ಗಾಡಿ ಸಿಕ್ಕಿರಲಿಲ್ಲ, ಇನ್ನೊಂದು ಸಲ ಬಂದದ್ದೇ ತಿಳಿಯಲಿಲ್ಲ. ಈ ಸಲ ತಪ್ಪಿದರೆ ಮತ್ತೆ ಬೆದೆಗೆ ಬರುವುದು ಅನುಮಾನವೆಂದು ದನದ ಡಾಕ್ಟರು ಹೇಳಿದ್ದರು.

ಅದೇ ಬೀದಿಯ ದಾಸಣ್ಣನ ಟಾಟಾ ಏಸ್ ಹುಣಸೆಹಣ್ಣಿನ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟಿತ್ತು. ಆದಿಲಕ್ಷ್ಮಮ್ಮ ಗಾಡಿಗೆ ಅಡ್ಡ ನಿಂತಳು.

"ಇಳಿಸಪ್ಪ ಮೂಟೆ."

"ಎಲ್ಲಿ ಇಳಿಸ್ಲಕ್ಕಾ? ಮಂಡಿ ಸಾವ್ಕಾರ ನನ್ ಚರ್ಮ ಸುಲಿದ್ಬುಡ್ತಾನೆ."

"ನಮ್ಮ ಜಗಲಿ ಮ್ಯಾಲೆ ಹಾಕು. ಹುಣಸೆಹಣ್ಣು ನಾಳೆಗೂ ಹುಳಿಯಾಗೇ ಇರ್ತದೆ. ಇವಳು ನಾಳೆಗೆ ಹಿಂಗಿರಲ್ಲ ಕಣೋ!"

ದಾಸಣ್ಣ ಒಮ್ಮೆ ಮೂಟೆಗಳನ್ನು ನೋಡಿದ, ಒಮ್ಮೆ ಕೂಗುತ್ತಿದ್ದ ಹಸುವನ್ನು ನೋಡಿದ. "ನನ್ ಮದ್ವೇಗೂ ಯಾರೂ ಇಷ್ಟು ಅರ್ಜೆಂಟ್ ಮಾಡಿರ್ನಿಲ್ಲ ಬಿಡಕ್ಕ" ಎಂದು ಮೊದಲ ಮೂಟೆಗೆ ಹೆಗಲು ಕೊಟ್ಟ.

ಬೀದಿಯವರೆಲ್ಲ ಕೈಹಾಕಿದರು. ಗಾಡಿಗೆ ಹುಲ್ಲು ಹಾಸಿ ಬೂದಿಯನ್ನು ಹತ್ತಿಸಿದರು. ಅದನ್ನು ಹಿಡಿದುಕೊಳ್ಳಲು ಆನಂದ ಹಿಂದೆ ನಿಂತ. ಆದಿಲಕ್ಷ್ಮಮ್ಮ ಮುಂದೆ ಕೂತು, ಸೆರಗನ್ನು ಸೊಂಟಕ್ಕೆ ಬಿಗಿದು, ಲೇಪಾಕ್ಷಿಯ ದಿಕ್ಕಿಗೆ ಕೈಮುಗಿದಳು. ವೀರಭದ್ರಾ, ದಾರಿ ಬಿಡಿಸಪ್ಪ.

ವೀರಭದ್ರ ದಾರಿ ಬಿಡಿಸುವ ಮುಂಚೆ ಗೂಡ್ಸ್ ರೈಲೊಂದು ಅಡ್ಡ ಬಂತು. ಗೇಟು ಬಿತ್ತು. ಆ ರೈಲು ತನ್ನ ಡಬ್ಬಿಗಳನ್ನೆಲ್ಲ ಊರಿಗೆ ತೋರಿಸುವವರ ಹಾಗೆ ನಿಧಾನವಾಗಿ ಹೋಯಿತು. "ಎಳಿ, ಎಳಿ, ನಿನ್ ಮನೆ ಹಾಳಾಗ" ಎಂದು ದಾಸಣ್ಣ ಸ್ಟಿಯರಿಂಗ್ ಗುದ್ದಿದ. ಗೇಟು ಎದ್ದದ್ದೇ ಗಾಡಿ ಬಿಟ್ಟ ಬಾಣವಾಯಿತು.

ಸೋಮಂದೇಪಲ್ಲಿಯಲ್ಲಿ ಸಂಘದ ಸದಸ್ಯೆ ಗಂಗಕ್ಕ ರಸ್ತೆಯ ನಡುವೆಯೇ ನಿಂತಿದ್ದಳು. ಆನಂದ ಫೋನ್ ಮಾಡಿ ಹೇಳಿದ್ದ. ತಲೆಯ ಮೇಲೆ ಹಸಿಹುಲ್ಲಿನ ಹೊರೆ. ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ಹೊರೆಯನ್ನು ಹಿಂದಕ್ಕೆ ಎಸೆದಳು. ಅದು ಆನಂದನ ಮುಖಕ್ಕೆ ಬಡಿಯಿತು.

"ಮದುವಣಗಿತ್ತಿ ಹೆಂಗವ್ಳೆ ಆದಿಲಕ್ಷ್ಮಮ್ಮಾ?"

"ಮದುವಣಗಿತ್ತಿ ಚೆಂದಾಗವ್ಳೆ. ಗಂಡಿನ ಮನ್ಸೇನೈತೋ ಗೊತ್ತಿಲ್ಲ."

"ಆದೇಟ್ಗೆ ಫೋನ್ ಮಾಡು. ನಾನು ಉಣ್ಣಲ್ಲ ಅಲ್ಲೀಗಂಟ!" ಗಂಗಕ್ಕ ಕೂಗಿದ್ದು ಗಾಡಿ ತಿರುವು ದಾಟುವವರೆಗೂ ಕೇಳಿಸಿತು.

ದಾರಿಯುದ್ದಕ್ಕೂ ಫೋನು ಬಡಿದುಕೊಳ್ಳುತ್ತಲೇ ಇತ್ತು. ಸಂಘದವರು ಒಬ್ಬರಾದ ಮೇಲೊಬ್ಬರು, ಎಲ್ಲಿದ್ದೀರಿ, ಇನ್ನೂ ಕೂಗ್ತಾ ಐತಾ, ಎಂದು ಕೇಳುವವರೇ. ಹೌದು, ಬೂದಿ ಇನ್ನೂ ಕೂಗುತ್ತಿತ್ತು. ಆ ಕೂಗು ನಿಲ್ಲದಿರಲಿ ಎಂದು ಆದಿಲಕ್ಷ್ಮಮ್ಮ ಕಿವಿಯನ್ನೆಲ್ಲ ಹಿಂದಕ್ಕೆ ಇಟ್ಟುಕೊಂಡೇ ಕೂತಿದ್ದಳು. ಸುಬ್ಬರಾಯಪ್ಪ ಈ ಹಸುವನ್ನು ಎಳೆಗರುವಾಗಿದ್ದಾಗ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದವನು. ಸೀರೆಯ ಗಂಟು ಬಿಚ್ಚಿ ಅದಕ್ಕೆ ಹೊದಿಸಿದ್ದ. ಅವನು ಹೋದ ದಿನ ಆ ಮನೆಯಲ್ಲಿ ಬಾಯಿಗೆ ಏನೂ ಹಾಕದವರು ಇಬ್ಬರೇ, ಆಕೆ ಮತ್ತು ಬೂದಿ. ಆಮೇಲೆ ದಿನವೂ ಸಂಜೆ ಹಿತ್ತಲಲ್ಲಿ ಕೂತು ಆಕೆ ಮಾತಾಡಿದ್ದೆಲ್ಲ ಬೂದಿಯ ಜೊತೆಗೇ. ಈಗ ಅದನ್ನೆಲ್ಲ ನೆನೆಯಲು ಪುರುಸೊತ್ತಿರಲಿಲ್ಲ.

ಕಲ್ಯಾಣದುರ್ಗದ ಸರ್ಕಲ್ಲಿನಲ್ಲಿ ಒಬ್ಬ ಎಳೆಯ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದ.

"ಏಮ್ಮಾ, ಆವುನಿ ಎಕ್ಕಡಿಕಿ ತೋಲುಕ್ಕೊನಿ ಪೋತುನ್ನಾರು?" ಹಸುವನ್ನು ಎಲ್ಲಿಗೆ ಸಾಗಿಸುತ್ತಿದ್ದೀರಿ ಎಂದು ತೆಲುಗಿನಲ್ಲಿ ಕೇಳುತ್ತ ಅನುಮಾನದಿಂದ ಗಾಡಿಯ ಸುತ್ತ ಬಂದ. ಟೀ ಅಂಗಡಿಯವರೂ ಲೋಟ ಹಿಡಿದುಕೊಂಡೇ ಎದ್ದು ಬಂದರು. ದಾಸಣ್ಣ ತೊದಲಿದ. ಆನಂದ ಸಂಘ, ತಳಿ, ರಕ್ಷಣೆ ಎಂದು ಮೊದಲಿನಿಂದ ಶುರುಮಾಡಿದ. ಇವನು ಮುಗಿಸುವಷ್ಟರಲ್ಲಿ ಸಂಜೆಯಾಗುತ್ತದೆಂದು ಆದಿಲಕ್ಷ್ಮಮ್ಮನಿಗೆ ಅನ್ನಿಸಿತು. ಇಂಥ ಮಾತನ್ನು ಗುರುತಿಲ್ಲದ ಗಂಡಸರ ಮುಂದೆ ಎಂದೂ ಆಡಿದವಳಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಸರ್ಕಲ್ಲಿಗೆಲ್ಲ ಕೇಳುವಂತೆ ಕೂಗಿದಳು.

"ಎದಕೊಚ್ಚಿಂದಿ ನಾಯನಾ! ಆಬೋತು ದಗ್ಗರಿಕಿ ಪೋತುನ್ನಾಂ! ನುವ್ವು ಇಟ್ಲ ನಿಲಬೆಡಿತೇ ಪೊದ್ದು ಪೋತುಂದಿ!"

ಹಸು ಬೆದೆಗೆ ಬಂದಿದೆ, ಹೋರಿಯ ಹತ್ತಿರ ಹೊರಟಿದ್ದೇವೆ, ನೀನು ಹೀಗೆ ನಿಲ್ಲಿಸಿಕೊಂಡರೆ ಹೊತ್ತು ಹೋಗುತ್ತದೆ ಎಂದು ಅಷ್ಟು ವಯಸ್ಸಾದ ಹೆಂಗಸು ಬಾಯಿಬಿಟ್ಟು ಹೇಳಿದ್ದಕ್ಕೆ ಹುಡುಗನ ಕಿವಿ ಕೆಂಪಾಯಿತು. ಸರಿಯೆಂಬಂತೆ ಬೂದಿಯೂ ಒಮ್ಮೆ ಕೂಗಿತು. ಟೀ ಅಂಗಡಿಯವರು ಘೊಳ್ಳೆಂದರು. ಕಾನ್‌ಸ್ಟೇಬಲ್ ಸೀಟಿ ಊದಿ, ಎದುರಿಗೆ ಬಂದ ಬಸ್ಸನ್ನು ಹಿಂದಕ್ಕೆ ತಳ್ಳಿಸಿ, ಮಂತ್ರಿಗಳ ಕಾರಿಗೆ ಬಿಡುವಂತೆ ದಾರಿ ಬಿಟ್ಟ.

ಹಿಂಡು ಸಿಕ್ಕಿದ್ದು ಬೆಳುಗುಪ್ಪ ದಾಟಿ, ಊರಾಚೆಯ ಬಯಲಲ್ಲಿ. ದನ ಕೂಡುವ ಮುಳ್ಳುಬೇಲಿಯ ರೊಪ್ಪ, ಅದರ ಪಕ್ಕಕ್ಕೆ ಒಂದು ಬೇವಿನ ಮರ, ಮರದ ಕೆಳಗೆ ದೇವರ ಕಲ್ಲು. ಅದರಾಚೆಗೆ ಹರಡಿಕೊಂಡು ಮೇಯುತ್ತಿದ್ದ ದನ. ಆದಿಲಕ್ಷ್ಮಮ್ಮ ಚಪ್ಪಲಿ ಬಿಟ್ಟು ಇಳಿದವಳು ನಿಂತಲ್ಲೇ ನಿಂತಳು. ಎಲ್ಲ ಒಂದೇ ಎತ್ತರ, ಒಂದೇ ಬೂದಿ ಬಣ್ಣ, ಎಲ್ಲಕ್ಕೂ ಕಣ್ಣ ಸುತ್ತ ಕಾಡಿಗೆ. ಗಂಡ ಹಳ್ಳಿ ಹಳ್ಳಿ ತಿರುಗಿ ಒಂದೊಂದಾಗಿ ಕೂಡಿಸಿದ್ದು, ಇಲ್ಲಿ ಯಾರೂ ಹುಡುಕದೆ, ಯಾರೂ ಕೂಡಿಸದೆ, ತನ್ನ ಪಾಡಿಗೆ ತಾನು ಮೇಯುತ್ತಿತ್ತು.

"ನೋಡಿ ಹೋಗ್ಬೇಕಾಗಿತ್ತು ಕಣೋ ಅವರು" ಎಂದಳು. ಆನಂದ ಬೂದಿಯನ್ನು ಮೆಲ್ಲನೆ ಕೆಳಗಿಳಿಸಿದ.

ದೇವರ ದನ ಕಾಯುವವನನ್ನು ಅಲ್ಲಿ ಕಿಲಾರಿ ಎನ್ನುತ್ತಾರೆ. ಕಿಲಾರಿ ಬೋರಪ್ಪ ಕಂಬಳಿಯನ್ನು ಹೆಗಲಿಗೆಸೆದು ನಗುತ್ತ ಬಂದ. "ಬಂದ್ಬುಟ್ರಾ ತಾಯಿ? ಒಳ್ಳೇ ಹೊತ್ಗೆ ಬಂದ್ರಿ. ಹಗ್ಗ ಬಿಚ್ಚಿ ಗಾಡೀಲೇ ಬಿಡ್ರಿ. ಇಲ್ಲಿ ಹಗ್ಗ ನಡಿಯಂಗಿಲ್ಲ."

ಹಗ್ಗ ಬಿಚ್ಚಿದ್ದೇ ಬೂದಿ ಕೂಗು ನಿಲ್ಲಿಸಿಬಿಟ್ಟಿತು. ಹುಟ್ಟಿದಾಗಿನಿಂದ ಗೂಟದ ಸುತ್ತ ತಿರುಗಿದ ಹಸು, ಅಷ್ಟು ದೊಡ್ಡ ಬಯಲನ್ನು ನೋಡಿ ಬೆದರಿ, ಗಾಡಿಗೇ ಒರಗಿ ನಿಂತಿತು. ಹಿಂಡಿನ ಹಸುಗಳು ಬಂದು ಮೂಸಿದವು. ಒಂದು ಕೊಂಬಿನಿಂದ ತಿವಿಯಿತು. ಹೋರಿ ದೂರದಲ್ಲಿ ಹುಲ್ಲು ಕಚ್ಚುತ್ತಿತ್ತು, ಭುಜದ ಮೇಲೆ ಕಪ್ಪಾದ ಗುಡ್ಡೆಯಂಥ ಹಿಣಿಲು. ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು.

"ಏನ್ಲಾ ಇವನು! ಇಷ್ಟು ದೂರದಿಂದ ಹೆಣ್ಣು ಕರ್ಕೊಂಡು ಬಂದ್ರೆ ಉಣ್ತಾ ನಿಂತವ್ನೆ!" ದಾಸಣ್ಣ ಚಡಪಡಿಸಿದ.

"ಸುಮ್ಕಿರಪ್ಪ. ಅವನು ನಿನ್ನಂಗೆ ಡ್ರೈವರಲ್ಲ, ಆರನ್ ಹೊಡೀತಾ ಬರಾಕೆ" ಎಂದ ಬೋರಪ್ಪ.

ಬೂದಿ ಗಾಡಿಯನ್ನು ಬಿಟ್ಟು ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಮೂಗು ಗಾಳಿಗೆ ಹಿಡಿಯಿತು. ಆಮೇಲೆ ಇದ್ದಕ್ಕಿದ್ದಂತೆ ಆ ಬೆಳಗಿನ ಕೂಗನ್ನೇ ಮತ್ತೆ ಕೂಗಿತು. ಹೋರಿಯ ಬಾಯಿಂದ ಹುಲ್ಲು ಜಾರಿತು. ಅದು ಬಂದದ್ದು ಓಡುತ್ತ ಅಲ್ಲ. ತನ್ನದೇ ಮನೆಯ ಅಂಗಳದಲ್ಲಿ ನಡೆಯುವ ಯಜಮಾನನಂತೆ, ಹಸುಗಳನ್ನು ಪಕ್ಕಕ್ಕೆ ಸರಿಸುತ್ತ ಬಂತು. ಆದಿಲಕ್ಷ್ಮಮ್ಮ ಮುಖ ತಿರುಗಿಸಿ ಬೇವಿನ ಮರದ ಕಡೆ ನೋಡುತ್ತ ವೀರಭದ್ರನ ಹೆಸರು ಹೇಳಿಕೊಂಡಳು.

"ಆಯ್ತು!" ಆನಂದ ಎಗರಿದ. "ದೊಡ್ಡಮ್ಮ, ಆಯ್ತು!"

"ಅಯ್ಯಪ್ಪ, ಆಯ್ತು ಕಣಕ್ಕ!" ದಾಸಣ್ಣ ಬೋರಪ್ಪನನ್ನು ತಬ್ಬಿಕೊಂಡ. ಆದಿಲಕ್ಷ್ಮಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಗಂಗಕ್ಕನಿಗೆ ಫೋನ್ ಮಾಡಿ "ಉಣ್ಣೇ ಮಾರಾಯ್ತಿ" ಎಂದಳು. ಆ ಕಡೆಯಿಂದ ಬಂದ ಕೂಗಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಸಂಜೆಯವರೆಗೂ ಜೊತೆಯಲ್ಲೇ ಮೇಯಲಿ, ಇನ್ನೊಂದು ಸಲ ಆದರೆ ಒಳ್ಳೆಯದೇ ಎಂದ ಬೋರಪ್ಪ. ಬಿಸಿಲು ಇಳಿಯುವ ಹೊತ್ತಿಗೆ ಹೊರಡಲು ಎದ್ದಾಗ, ದೇವರ ಕಲ್ಲಿನ ಮುಂದಿನ ಚೀಲಕ್ಕೆ ಕೈ ಹಾಕಿ, ಎಲ್ಲರ ಅಂಗೈಗೂ ಭಂಡಾರ ಹಾಕಿದ. ದೇವರ ಮುಂದಿಟ್ಟ ಅರಿಶಿನದ ಪುಡಿ ಅದು. ಗಂಡಸರು ಹಣೆಗೆ ಬಳಿದುಕೊಂಡರು.

ಆದಿಲಕ್ಷ್ಮಮ್ಮ ಬಳಿದುಕೊಳ್ಳಲಿಲ್ಲ. ಗಂಡ ಹೋದ ಮೇಲೆ ಯಾವ ಗುಡಿಯಲ್ಲಿ ಕುಂಕುಮ ಅರಿಶಿನ ಕೊಟ್ಟರೂ ಬೇಡವೆನ್ನದೆ ಸೆರಗಿನ ತುದಿಗೆ ಕಟ್ಟಿಕೊಂಡು ಬರುವಳು. ದೇವರದನ್ನು ಬಿಸಾಡಬಾರದು, ತಾನು ಇಟ್ಟುಕೊಳ್ಳುವ ಹಾಗಿಲ್ಲ. ಮನೆಗೆ ಬಂದು ಬೂದಿಯ ಹಣೆಗೆ ಹಚ್ಚುವಳು. ಈಗ ಬೂದಿ ಅಲ್ಲೇ ಇತ್ತು, ದಣಿದು ಬೇವಿನ ನೆರಳಿಗೆ ಬಂದು ನಿಂತಿತ್ತು. ಆಕೆ ಹೋಗಿ, "ನನ್ನವ್ವ, ಗೆದ್ದೆ ಕಣೇ" ಎಂದು ಎರಡು ಕೊಂಬಿನ ನಡುವೆ ಅಂಗೈಯಗಲಕ್ಕೆ ಭಂಡಾರ ಬಳಿದಳು.

ಬೋರಪ್ಪನ ನಗು ನಿಂತುಹೋಯಿತು.

"ಏನ್ ಮಾಡ್ಬುಟ್ರಿ ತಾಯಿ."

"ಯಾಕಪ್ಪ?"

"ಈ ನೆಲದಾಗೆ ಭಂಡಾರ ಹಚ್ಚುದ್ರೆ ದ್ಯಾವ್ರಿಗೆ ಬಿಟ್ಟಂಗೆ. ದನ ಬಿಡೋರು ಹಂಗೇ ಬಿಡೋದು. ಇನ್ನ ಅದು ನಿಮ್ದಲ್ಲ."

ಆನಂದ ಮುಂದೆ ನುಗ್ಗಿದ. "ಅದೆಂಗಾಯ್ತದಣ್ಣ? ಅವರಿಗೇನು ಗೊತ್ತು! ನೀವಾದ್ರೂ ಮೊದಲೇ ಹೇಳ್ಬೇಕಾಗಿತ್ತು!"

"ಹಸೂಗೆ ಹಚ್ತಾರೆ ಅಂತ ನಂಗೇನ್ ಕನಸು ಬಿದ್ದಿತ್ತಾ? ಎಲ್ರೂ ಹಣೇಗೆ ಹಚ್ಕೊಂಡ್ರು, ಈವಮ್ಮನೂ ಹಚ್ಕೊತಾರೆ ಅಂತಿದ್ದೆ."

ಆದಿಲಕ್ಷ್ಮಮ್ಮ ತನ್ನ ಅಂಗೈಯ ಹಳದಿಯನ್ನು ನೋಡಿಕೊಂಡಳು. ಹಸು ಹೋಯಿತು, ಹೊಟ್ಟೆಯಲ್ಲಿ ನಿಲ್ಲಬೇಕಾದ ಕರುವೂ ಹೋಯಿತು, ಅಧಿಕಾರಿಗೆ ತೋರಿಸಬೇಕಾದದ್ದೂ ಹೋಯಿತು. ತನ್ನ ಕೈಯಿಂದಲೇ. ಬೋರಪ್ಪನಿಗೂ ಸಂಕಟವಾಗಿತ್ತು. "ತಡೀರಿ, ಅವ್ವನ್ನ ಕೇಳ್ತೀನಿ" ಎಂದು ಊರ ಕಡೆ ಓಡಿದ.

ಅವನ ತಾಯಿ ಕರಿಬಸಮ್ಮ ದೇವರ ಮನೆ ನೋಡಿಕೊಳ್ಳುವ ಹಿರಿಯಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನೀರು ತುಂಬಿದ ಮಣ್ಣಿನ ಗಡಿಗೆ ಹಿಡಿದು ನಿಧಾನವಾಗಿ ಬಂದಳು. ಮಗ ನೀರು ಹೊರಲು ಬಂದರೆ ಕೋಲಿನಿಂದ ಗದರಿಸಿದಳು. ಬೂದಿಯನ್ನು ನೋಡಿದಳು, ಆದಿಲಕ್ಷ್ಮಮ್ಮನನ್ನು ನೋಡಿದಳು.

"ತಿಳೀದೆ ಹಚ್ಚಿದ್ದಲ್ವೇನವ್ವಾ? ನಮ್ ದ್ಯಾವ್ರು ಯಾರ ದನಾನೂ ಕಿತ್ಕೊಂಡೋನಲ್ಲ. ತಗ, ಈ ನೀರು ಹುಯ್ದು ತೊಳ್ಕ. ಸುಮ್ಕೆ ಕರ್ಕೊಂಡೋಗು. ತೊಳಿಯೋದು ಮಾತ್ರ ನಿನ್ ಕೈಲೇ ಆಗ್ಬೇಕು."

"ಬದುಕಿಸಿದ್ರಿ ಅಜ್ಜಿ!" ಆನಂದ ಆಗಲೇ ಗಾಡಿಯ ಹಿಂಬಾಗಿಲು ತೆಗೆದ.

ಆದಿಲಕ್ಷ್ಮಮ್ಮ ಗಡಿಗೆ ತೆಗೆದುಕೊಂಡು ಹತ್ತಿರ ಹೋದಳು. ಬೂದಿಯ ಒಂದು ಪಕ್ಕಕ್ಕೆ ಹೋರಿ ನಿಂತಿತ್ತು. ಇನ್ನೊಂದು ಪಕ್ಕಕ್ಕೆ, ಮಧ್ಯಾಹ್ನ ಕೊಂಬಿನಿಂದ ತಿವಿದ ಹಸುವೇ ಈಗ ಅದರ ಕತ್ತು ನೆಕ್ಕುತ್ತಿತ್ತು. ಕುತ್ತಿಗೆಯ ಸುತ್ತ ವರ್ಷಗಟ್ಟಲೆ ಹಗ್ಗ ಕೂತ ಜಾಗದಲ್ಲಿ ಕೂದಲು ಸವೆದು ಗೆರೆಯಾಗಿತ್ತು. ನೆಕ್ಕುತ್ತಿದ್ದದ್ದು ಆ ಗೆರೆಯನ್ನೇ. ಆಕೆ ಗಡಿಗೆಯನ್ನು ಬೂದಿಯ ತಲೆಯ ಮೇಲಕ್ಕೆ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ದೇವರಿಗೆ ಕೊಟ್ಟದ್ದನ್ನು ಕೊಟ್ಟ ಕೈಯಿಂದಲೇ ತೊಳೆದು ವಾಪಸು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಬೂದಿ ನೀರಿನ ವಾಸನೆಗೆ ಮೂತಿ ಎತ್ತಿತು. ಆಕೆ ಗಡಿಗೆಯನ್ನು ಕೆಳಗಿಳಿಸಿ ಅದರ ಮೂತಿಗೆ ಹಿಡಿದಳು. ಬೂದಿ ಗಟಗಟನೆ ಕುಡಿಯಿತು, ತಳ ನೆಕ್ಕುವವರೆಗೂ ಕುಡಿಯಿತು.

"ದೊಡ್ಡಮ್ಮಾ!" ಎಂದ ಆನಂದ. ಅಳುವ ದನಿ. "ಸಂಘದೋರ್ಗೆ ಏನು ಹೇಳ್ಲಿ? ಆ ಆಫೀಸರು ಕರು ತೋರ್ಸಿ ಅಂದ್ರೆ?"

"ಇಲ್ಲಿಗೇ ಕರ್ಕೊಂಡು ಬಾ. ಬೂಟು ಬಿಚ್ಚಿ ನೋಡ್ಲಿ" ಎಂದಳು ಆದಿಲಕ್ಷ್ಮಮ್ಮ. "ಹೋರಿ ಒಂದು ರಕ್ತ, ಇವಳೊಂದು ರಕ್ತ. ಮನೆತನವೋ ತಳಿಯೋ, ನಿಂತು ಎಣಿಸ್ಕೊಳ್ಲಿ. ನಮ್ಮ ಮಿಕ್ಕ ಹೆಣ್ಮಕ್ಳೆಲ್ಲ ಒಬ್ಬೊಬ್ಬಳಾಗಿ ಬರ್ತಾರೆ. ದಾಸಣ್ಣ, ನಿನ್ ಗಾಡಿ ಇನ್ನು ಹುಣಸೆಹಣ್ಗೆ ಸಿಕ್ಕಲ್ಲ ಕಣೋ."

"ಸಾವ್ಕಾರಂಗೆ ಏನ್ ಹೇಳ್ಲಿ?"

"ಮದ್ವೆ ಸೀಜನ್ನು ಅನ್ನು."

ಬೋರಪ್ಪ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಆದಿಲಕ್ಷ್ಮಮ್ಮ ಕರಿಬಸಮ್ಮನ ಕೈಗೆ ಗಡಿಗೆ ಕೊಡುತ್ತ, "ಬರ್ತೀವಿ ಅಕ್ಕಯ್ಯ. ಮುಂದ್ಲ ಸಲ ನನ್ನ ಕೈಗೆ ಮಾತ್ರ ಭಂಡಾರ ಕೊಡಬ್ಯಾಡ್ರಿ" ಎಂದಳು.

"ಕೈಗ್ಯಾಕ್ ಕೊಡ್ಲಿ?" ಮುದುಕಿ ಚೀಲಕ್ಕೆ ಹೆಬ್ಬೆರಳು ಅದ್ದಿದಳು. "ಬಗ್ಗು."

ಆದಿಲಕ್ಷ್ಮಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ ಕಣಕ್ಕಯ್ಯ. ಗಂಡ ಇಲ್ದೋಳು ನಾನು."

"ನನ್ ಗಂಡ ಎಲ್ಲವ್ನೆ? ಆ ಬೇವಿನಾಚೆ ಮಣ್ಣಾಗವ್ನೆ. ದನ ಬಿಟ್ಟೋಳು ಬರೀ ಹಣೇಲಿ ಹೋಗಂಗಿಲ್ಲ ಇಲ್ಲಿಂದ. ಬಗ್ಗವ್ವ, ನನ್ ಸೊಂಟ ನೋಯ್ತದೆ."

ಆಗಲೇ ಆಕೆ ಕರಿಬಸಮ್ಮನನ್ನು ಸರಿಯಾಗಿ ನೋಡಿದ್ದು. ಕೈಯಲ್ಲಿ ಬಳೆಯಿಲ್ಲ, ಕೊರಳಲ್ಲಿ ತಾಳಿಯಿಲ್ಲ. ಸುಕ್ಕುಗಟ್ಟಿದ ಹಣೆಯ ಮೇಲೆ ಈ ತುದಿಯಿಂದ ಆ ತುದಿಗೆ ಹಳದಿ.

ಆದಿಲಕ್ಷ್ಮಮ್ಮ ಬಗ್ಗಿದಳು.

ದನ ರೊಪ್ಪದ ಕಡೆ ತಿರುಗಿದ್ದವು. ಹಿಂದಿನಿಂದ ನೋಡಿದರೆ ಅವುಗಳ ನಡುವೆ ಬೂದಿ ಯಾವುದೆಂದು ಗುರುತು ಹಿಡಿಯುವುದೂ ಕಷ್ಟವಾಗಿತ್ತು. ದಾಸಣ್ಣ ಗಾಡಿ ಶುರುಮಾಡಿದ. ಆನಂದ ಹಿಂದೆ ಹುಲ್ಲಿನ ಮೇಲೆ ಕೂತು ಯಾರಿಗೋ ಫೋನಿನಲ್ಲಿ, "ಇಲ್ಲ ಇಲ್ಲ, ಒಳ್ಳೇ ಸುದ್ದಿನೇ, ಬಂದು ಹೇಳ್ತೀನಿ" ಎನ್ನುತ್ತಿದ್ದ. ಗಾಡಿ ಡಾಂಬರು ರಸ್ತೆ ಹತ್ತಿ ವೇಗ ಹಿಡಿಯಿತು. ಬಯಲ ಗಾಳಿ ಒಳಗೆ ನುಗ್ಗಿ ಆಕೆಯ ಸೆರಗನ್ನು ಹಾರಿಸಿತು. ಹಣೆಯಿಂದ ಹಳದಿ ಪುಡಿ ಒಂದಿಷ್ಟು ಮಡಿಲಿಗೆ ಉದುರಿತು.

ಆದಿಲಕ್ಷ್ಮಮ್ಮ ಕಿಟಕಿಯ ಗಾಜನ್ನು ಮೆಲ್ಲನೆ ಮೇಲಕ್ಕೆ ಏರಿಸಿದಳು.